ಬ್ರೇಕಿನ ಕುಡಿಕೆ

೬ ಡಿಸೆಂಬರ್ ೧೯೯೮, ರವಿವಾರ

ಯಾರು ನೀನು? ಕೈ ತೊಳೆದುಕೊಂಡು ಬಂದಿದ್ದೀಯಾ? ಮುದುಕಿಯ ಸಂದೂಕ ತೆಗೆದು, ಸೀರೆ ಸರಿಸಿ, ಡೈರಿ ಬಿಚ್ಚಿ ಓದುವಷ್ಟು ಪುರುಸೊತ್ತು ಇದ್ದರೆ ಮೊದಲು ಹೋಗಿ ಎಮ್ಮೆಗೆ ನೀರು ಕುಡಿಸು. ಓದಲೇಬೇಕೆಂದರೆ ಓದು, ಆದರೆ ಅಕ್ಷರ ಸೊಟ್ಟಗಿವೆ ಎಂದು ನಗಬೇಡ. ನಾನು ಕಲಿತದ್ದು ಮೂರನೆಯ ಇಯತ್ತೆ. ಅದೂ ಗುಡಿಯ ಕಟ್ಟೆಯ ಮೇಲೆ, ಉಸುಕಿನಲ್ಲಿ ಬೆರಳು ತಿರುವಿ. ನಿನ್ನ ಹಾಗೆ ಬೆಂಚಿನ ಮೇಲೆ ಕೂತು ತೂಕಡಿಸಲಿಲ್ಲ.

ಇದು ಗೊಬ್ಬರದ ಅಂಗಡಿಯವನು ಕೊಟ್ಟ ಡೈರಿ. ಇಷ್ಟು ದಿನ ಬರೆಯುವಂಥದ್ದು ಏನೂ ಆಗಲಿಲ್ಲ. ಈಗ ಬಾಯಿಯಲ್ಲಿ ಹೇಳಿದರೆ ಮನೆಯಲ್ಲಿ ಜಗಳ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕಾರು ಶಹಾಪುರದ ಗುರಣ್ಣನ ಗ್ಯಾರೇಜಿನಿಂದ ಇವತ್ತು ಮನೆಗೆ ಬಂತು. ಸಣ್ಣ ರಿಪೇರಿ ಎಂದು ಬಿಟ್ಟದ್ದು ಗೌರಿ ಹುಣ್ಣಿಮೆಯ ಮರುದಿನ. ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ಇವತ್ತು ನಾಳೆ ಎನ್ನುತ್ತ ಬಂದ. ನಾನೇ ಹೋಗಿ ಬಾಗಿಲು ತೆಗೆದರೆ ಹಿಂದಿನ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿದೆ.

"ಗುರಣ್ಣ, ನಾ ಕೊಟ್ಟಿದ್ದು ಕಾರು. ನೀ ಗೂಡು ಮಾಡಿ ಇಟ್ಟೀದಿ" ಎಂದೆ.

"ಸಿಟ್ಟ ಯಾಕ ಯವ್ವಾ, ಮರಿ ಆದ್ರ ನಿಮಗೂ ಎರಡು ಕೊಡ್ತೀನಿ ಬಿಡ್ರಿ" ಎಂದು ಹಲ್ಲು ಕಿರಿದ.

ಅವನಿಗೆ ಅದು ನಗೆ. ನನಗೆ ಅದು ಹೊಲ. ತವರಿನವರು ಅರಿಷಿಣ ಕುಂಕುಮಕ್ಕೆಂದು ನನಗೆ ಕೊಟ್ಟ ಹೊಲದ ನಡುವೆಯೇ ಕಾಲುವೆ ಅಗೆದರು. ಪರಿಹಾರ ಬಂದಾಗ ನಾನು ಬೇರೆ ಹೊಲ ಎಂದೆ, ಮಗ ಮರಿಲಿಂಗ ಕಾರು ಎಂದ. ಯಾದಗಿರಿಯಲ್ಲಿ ಯಾರೋ ಮಾರಿದ ಹಳೆಯ ಬಿಳಿ ಅಂಬಾಸಿಡರ್. ಕಾಲುವೆಯ ಹಿಂದೆ ನೀರು ಬಂತು, ನೀರಿನ ಹಿಂದೆ ನೆಲ್ಲು ಬಂತು, ನಮ್ಮ ದೋರನಹಳ್ಳಿಯ ಜನ ಮದುವೆಗೆ, ದವಾಖಾನೆಗೆ ಕಾರಿನಲ್ಲಿ ಹೋಗುವುದನ್ನು ಕಲಿತರು. ಹೀಗೆ ಬಾಡಿಗೆಗೆ ಓಡಿ ಮನೆ ನಡೆಸುತ್ತಿದೆ.

ಉಣ್ಣುವಾಗ ಮರಿಲಿಂಗನಿಗೆ ಹೇಳಿಬಿಟ್ಟೆ: "ಇನ್ನ ಮ್ಯಾಲ ಈ ಕಾರು ಗ್ಯಾರೇಜಿನ ಮೆಟ್ಟಲ ಹತ್ತಂಗಿಲ್ಲ. ನಿಮ್ಮಪ್ಪ ಬಂಡಿ ಅಚ್ಚು ಮುರದ್ರ ಬಡಗ್ಯಾರ ಮನಿ ಮುಂದ ಕೂಡ್ತಿದ್ನೇನು? ತಾನ ಕಡದು ತಾನ ಕೂಡಸ್ತಿದ್ದ. ನೀನೂ ಮಾಡು."

"ಯವ್ವಾ, ಬಂಡಿ ಬ್ಯಾರೆ, ಕಾರು ಬ್ಯಾರೆ."

"ಹೌದೋ ಶಾಣ್ಯಾ. ಬಂಡ್ಯಾಗ ಎತ್ತು ಮುಂದ ಇರ್ತದ, ಕಾರಿನಾಗ ಒಳಗ ಕುಂತಿರ್ತದ. ಅಷ್ಟ ಫರಕು."

ಸೊಸೆ ದೇವಕಮ್ಮ ಸೆರಗು ಬಾಯಿಗೆ ಹಿಡಿದಳು. ಗಂಡನನ್ನು ಎತ್ತು ಎಂದದ್ದು ಅವಳಿಗೂ ತಿಳಿಯಿತು. ನಕ್ಕಳೋ ಸಿಟ್ಟಾದಳೋ ತಿಳಿಯಲಿಲ್ಲ.

೧೦ ಡಿಸೆಂಬರ್, ಗುರುವಾರ

ಮರಿಲಿಂಗ ದನದ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿಕೊಂಡು ಕೂತಿದ್ದಾನೆ. ಪಾನಾ ಹಾಕಿ ಒಂದು ಬೋಲ್ಟು ಬಿಚ್ಚುತ್ತಾನೆ, ತಟ್ಟೆಯಲ್ಲಿ ಇಡುತ್ತಾನೆ, ಅದನ್ನೇ ನೋಡುತ್ತಾನೆ. ಮೊದಲಿನಿಂದಲೂ ಮೊದ್ದು. ಐದು ವರ್ಷದವನಿದ್ದಾಗ ಅಂಗಿಯ ಗುಂಡಿ ಹಾಕಿಕೊಳ್ಳಲು ಒಂದು ಹೊತ್ತು ಬೇಕಾಗುತ್ತಿತ್ತು.

"ಪಾನಾ ಹಿಡಿಯೂದು ಹಂಗಲ್ಲ" ಎಂದೆ.

"ನಿನಗ ಗೊತ್ತದನ?"

"ನನಗ ಗೊತ್ತಿಲ್ಲ. ಆದ್ರ ಹಂಗಲ್ಲ."

ಸಂಜೆಗೆ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ದೇವಕಮ್ಮ ಓಡಿ ಬಂದಳು. ನಾನು ಚಹಾಕ್ಕೆ ಸಕ್ಕರೆ ಹೆಚ್ಚು ಹಾಕು ಎಂದೆ. ಅಷ್ಟು ಸಾಕು, ಹೊಗಳಿದರೆ ಕೈ ಕೆಡುತ್ತದೆ.

೧೩ ಡಿಸೆಂಬರ್, ರವಿವಾರ

ಮೊಮ್ಮಗಳು ಮಾನಮ್ಮ ಕೆಂಭಾವಿಯಿಂದ ಬಂದಳು. ಚೊಚ್ಚಲ ಬಸುರಿ, ಆರನೆಯ ತಿಂಗಳು ನಡೆದಿದೆ. ಐದರಲ್ಲಿ ಕುಬುಸದ ಸೀಮಂತ ಮಾಡಿದೆವು. ಹೆರಿಗೆ ತವರಿನಲ್ಲೇ ಆಗಬೇಕು. ಅಪ್ಪ ಮರಿಲಿಂಗನೇ ಹೋಗಿ ಕರೆತಂದ, ತಾನೇ ರಿಪೇರಿ ಮಾಡಿದ ಕಾರಿನಲ್ಲಿ. ಅಳಿಯ ಅಂಬ್ರಪ್ಪ ಕಳಿಸುವಾಗ ನಾಲ್ಕು ಸಲ ಹೇಳಿದನಂತೆ, "ಮಾವ, ಸಾವಕಾಶ ಹೊಡೀರಿ" ಎಂದು. ಅವನು ಟ್ರ್ಯಾಕ್ಟರ್ ಹೊಡೆಯುವವನು. ಕಾರು ಹೊಡೆಯುವವರಿಗೆ ಬುದ್ಧಿ ಹೇಳಲು ಅವನಿಗೆ ಬಲು ಹಿಗ್ಗು.

೧೬ ಡಿಸೆಂಬರ್, ಬುಧವಾರ

ಬ್ರೇಕು ಸಡಿಲ ಎಂದು ಮರಿಲಿಂಗ ನಾಲ್ಕೂ ಗಾಲಿ ಬಿಚ್ಚಿ ಒರೆಸಿ ಬಿಗಿ ಮಾಡಿದ. ಇದೊಂದು ಗುರಣ್ಣನಿಗೆ ತೋರಿಸೋಣ ಎಂದ. ನಾನು ಬೇಡ ಎಂದೆ. ಕೋಳಿಗೆ ಇನ್ನೊಂದು ಕಾವು ಬೇಕಾಗಿಲ್ಲ.

೧೮ ಡಿಸೆಂಬರ್, ಶುಕ್ರವಾರ

ಎಳ್ಳಮಾವಾಸ್ಯೆ. ಸಜ್ಜೆ ಕಡುಬು, ಬಜ್ಜಿ, ರೊಟ್ಟಿ ಕಟ್ಟಿಕೊಂಡು ಉಳಿದ ತುಂಡು ಹೊಲಕ್ಕೆ, ಭೂತಾಯಿಗೆ ಚರಗದ ಎಡೆ ಚೆಲ್ಲಲು ಹೋದೆವು. ಮೊದಲು ಬಂಡಿಯಲ್ಲಿ ಹೋಗುತ್ತಿದ್ದೆವು, ಈಗ ಕಾರು.

ಹೊರಡುವ ಮೊದಲು ಪೂಜೆ ನಾನೇ ಮಾಡಿದೆ. ಇವರಿಗೆ ಎಲ್ಲಿ ನೆನಪಿರುತ್ತದೆ? ಅಮಾವಾಸ್ಯೆಗೆ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ನಮ್ಮ ಮನೆಯಲ್ಲಿ ನೊಗ ಎತ್ತಿದ್ದೇ ಇಲ್ಲ. ನನ್ನ ಗಂಡ ದ್ಯಾವಪ್ಪ ತೀರಿಹೋದ ಮೇಲೂ ನಾನು ತಪ್ಪಿಸಿಲ್ಲ. ಕಾರಿಗೂ ಅದೇ ಶಾಸ್ತ್ರ. ಮುಂದಿನ ಮುಚ್ಚಳ ಎತ್ತಿಸಿ, ಕುಂಕುಮ ಹಚ್ಚಿ, ಇಂಜಿನ್ನಿಗೆ ಹಾಕಿ ಉಳಿದಿದ್ದ ಎಣ್ಣೆಯ ಡಬ್ಬಿ ತಂದೆ. ಅಲ್ಲಿ ಮೂಲೆಯಲ್ಲಿ ಒಂದು ಪುಟ್ಟ ಕುಡಿಕೆ ಇದೆ, ನೋಡಿದರೆ ಅರ್ಧ ಒಣಗಿದೆ. ಗಂಡಸಿನ ಕಣ್ಣಿಗೆ ಇಂಥದ್ದು ಬೀಳುವುದಿಲ್ಲ. ಮೂತಿಯವರೆಗೆ ತುಂಬಿದೆ.

ದೇವಕಮ್ಮ ಬುಟ್ಟಿ ಹಿಡಿದು ನಿಂತವಳು, "ಅತ್ತೀ, ಅದು ಬ್ಯಾರೆ ಎಣ್ಣಿ ಕುಡಿಕಿ ಇರಬೇಕ್ರಿ..." ಎಂದಳು.

"ನೀ ಕಡುಬಿನ ಬುಟ್ಟಿ ನೋಡಿಕೋ. ಇರಿವಿ ಹತ್ಯಾವ" ಎಂದೆ.

ಹೊಲದಲ್ಲಿ ಚಲೋ ಆಯಿತು. ಮಾನಮ್ಮ ನಾಲ್ಕು ಕಡುಬು ತಿಂದಳು.

೨೧ ಡಿಸೆಂಬರ್, ಸೋಮವಾರ

ಗಾಲಿಯ ಹತ್ತಿರ ಕಮಟು ವಾಸನೆ. ಬ್ರೇಕು ಹಿಡಿದದ್ದು ಬಿಡುತ್ತಿಲ್ಲ ಎಂದು ಮರಿಲಿಂಗ ಮತ್ತೆ ಸಡಿಲ ಮಾಡಿದ. ಒಮ್ಮೆ ಬಿಗಿ, ಒಮ್ಮೆ ಸಡಿಲ. "ನಿನ್ನ ಕೈಯಾಗ ಕಸುವಿಲ್ಲ, ನಿಮ್ಮಪ್ಪನ ಕೈ ನಿನಗ ಬರಲಿಲ್ಲ ನೋಡು" ಎಂದು ಬೈದೆ. ಅವನು ಗಾಲಿಯನ್ನು ಕೈಯಿಂದ ತಿರುವುತ್ತ ಕೂತ.

೨೨ ಡಿಸೆಂಬರ್, ಮಂಗಳವಾರ

ಮಾನಮ್ಮನನ್ನು ತೋರಿಸಲು ಶಹಾಪುರದ ದವಾಖಾನೆಗೆ ಹೋಗಿದ್ದೆವು. ಮರಿಲಿಂಗ, ಮಾನಮ್ಮ, ನಾನು. ಡಾಕ್ಟರಮ್ಮ ಕೂಸು ಚಲೋ ಇದೆ ಎಂದಳು.

ಬರುವಾಗ ಕಾಲುವೆಯ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಎದುರಿಗೆ ನೆಲ್ಲುಹುಲ್ಲಿನ ಬಂಡಿ, ಸೇತುವೆ ತುಂಬ ಅದೇ. ಮರಿಲಿಂಗನ ಕಾಲು ಕೆಳಗೆ ಬಡಿದ ಸಪ್ಪಳ ಕೇಳಿತು. ಇನ್ನೊಮ್ಮೆ ಬಡಿಯಿತು. ಕಾರು ನಿಲ್ಲಲಿಲ್ಲ. "ಯವ್ವಾ, ಮಗಳನ್ನ ಹಿಡಿ!" ಎಂದು ಕೂಗಿದ. ಬಲಕ್ಕೆ ಕಾಲುವೆ, ತುಂಬ ನೀರು. ಎಡಕ್ಕೆ ಕಾಲುವೆ ಅಗೆದಾಗ ಒಟ್ಟಿದ ಮಣ್ಣಿನ ದಿಬ್ಬ. ಎಡಕ್ಕೆ ತಿರುವಿದ. ಕಾರು ದಿಬ್ಬ ಹತ್ತಿ, ಅರ್ಧಕ್ಕೆ ಹೋಗಿ, ಹೂತು ನಿಂತಿತು.

ಮಾನಮ್ಮನ ಹಣೆಗೆ ಮುಂದಿನ ಸೀಟು ಬಡಿದು ಬುಗುಟೆ ಬಂದಿದೆ. ಹೊಟ್ಟೆಗೆ ಏನೂ ಆಗಿಲ್ಲ. ಮತ್ತೆ ದವಾಖಾನೆಗೆ ಒಯ್ದು ತೋರಿಸಿದೆ, ಬಂಡಿಯವನು ರಸ್ತೆಯಲ್ಲಿ ಒಂದು ಜೀಪು ನಿಲ್ಲಿಸಿಕೊಟ್ಟ. ಕೂಸು ಒದೆಯುತ್ತಿದೆ. ನಾನೇ ಕೈ ಇಟ್ಟು ನೋಡಿದೆ.

ಮರಿಲಿಂಗ ದಿಬ್ಬದ ಬುಡದಲ್ಲಿ ಕೂತವನು ಏಳಲಿಲ್ಲ. ಎರಡೂ ಅಂಗೈ ಮುಂದೆ ಹಿಡಿದುಕೊಂಡು ನೋಡುತ್ತಿದ್ದ.

೨೩ ಡಿಸೆಂಬರ್, ಬುಧವಾರ

ಅಂಬ್ರಪ್ಪ ಬಂದ. ಚಪ್ಪಲಿ ಬಿಡಲಿಲ್ಲ, ನೀರು ಮುಟ್ಟಲಿಲ್ಲ.

"ಮಾವ, ನಿಮಗ ಬರದ ಕೆಲಸಕ್ಕ ಯಾಕ ಕೈ ಹಾಕ್ತೀರಿ? ನನ್ನ ಹೆಣ್ತಿ ಮ್ಯಾಲ ಕಲೀತೀರೇನು?" ಎಂದ. ಓಣಿಯಲ್ಲಿ ಜನ ನಿಂತಿದ್ದರು.

ಮರಿಲಿಂಗ, "ತಪ್ಪಾತು" ಎಂದ. ಅಷ್ಟೇ.

ಮಾನಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದ. ಹೆರಿಗೆ ಕೆಂಭಾವಿಯಲ್ಲೇ ಆಗಲಿ, ಆ ಕಾರು ಇರುವ ಮನೆಗೆ ಕಳಿಸುವುದಿಲ್ಲ ಎಂದು ಹೇಳಿ ಹೋದ. ಚೊಚ್ಚಲ ಹೆರಿಗೆಗೆ ಬಂದ ಮಗಳನ್ನು ತವರಿನಿಂದ ತಿರುಗಿ ಒಯ್ದದ್ದು ನಮ್ಮ ಓಣಿಯಲ್ಲಿ ನಾನು ಕಂಡಿಲ್ಲ.

೨೪ ಡಿಸೆಂಬರ್

ಮರಿಲಿಂಗ ಉಂಡಿಲ್ಲ.

೨೭ ಡಿಸೆಂಬರ್, ರವಿವಾರ

ಟ್ರ್ಯಾಕ್ಟರಿನಿಂದ ಎಳೆಸಿ ಕಾರನ್ನು ಕೊಟ್ಟಿಗೆಗೆ ತಂದಿದ್ದಾರೆ. ಮಾರಿಬಿಡುತ್ತೇನೆ, ಇನ್ನು ಸ್ಟೇರಿಂಗು ಹಿಡಿಯುವುದಿಲ್ಲ ಎನ್ನುತ್ತಾನೆ ಮರಿಲಿಂಗ. ಬಾಡಿಗೆಗೆ ಕೇಳಲು ಬಂದವರಿಗೆ ಬಾಗಿಲಿನಿಂದಲೇ ಇಲ್ಲ ಎಂದ.

ನಾನೇ ಗುರಣ್ಣನಿಗೆ ಹೇಳಿ ಕಳಿಸಿದ್ದೆ. ಕೋಳಿಯ ಮಾತು ತೆಗೆಯದೆ ಬಂದ, ಅದೊಂದು ಮರ್ಯಾದೆ. ಬ್ರೇಕು ಬಿಚ್ಚಿ ಒಳಗಿನ ರಬ್ಬರು ತೆಗೆದು ಅಂಗೈಯಲ್ಲಿ ಇಟ್ಟ. ನೀರಲ್ಲಿ ನೆನೆಹಾಕಿದ ಕಡಲೆಯ ಹಾಗೆ ಉಬ್ಬಿತ್ತು.

"ಮರಿಲಿಂಗಣ್ಣ, ಇದಕ್ಕ ಇಂಜಿನ್ ಎಣ್ಣಿ ಬಿದ್ದದ. ಬಿರೇಕಿನ ಎಣ್ಣಿನ ಬ್ಯಾರೆ ಇರ್ತದ. ಇಂಜಿನ್ ಎಣ್ಣಿ ಬಿದ್ರ ರಬ್ಬರ್ ಹಿಂಗ ಬಾತು, ಮೊದಲ ಹಿಡಕೊಂಡು ಕೂಡ್ತದ, ಆಮ್ಯಾಲ ಪೂರಾ ಕೈ ಬಿಡ್ತದ. ಯಾರು ಹಾಕಿದ್ರು?"

ಮರಿಲಿಂಗ ರಬ್ಬರನ್ನು ತಿರುವಿ ನೋಡಿ, "ನಾನ ಇರಬೇಕು. ನಾಕೂ ಗಾಲಿ ಬಿಚ್ಚಿದ ದಿನ ಡಬ್ಬಿ ಅದಲಾಬದಲಿ ಆಗಿರಬೇಕು. ಮತ್ಯಾರು ಮುಟ್ಟತಾರ?" ಎಂದ.

ದೇವಕಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮತ್ತೆ ಬಡಿಯತೊಡಗಿದಳು.

ನಾನು ಗುರಣ್ಣನಿಗೆ ಚಹಾ ಕೊಟ್ಟೆ. ಎಮ್ಮೆಗೆ ಹುಲ್ಲು ಹಾಕಿದೆ. ಚಳಿ ಬಹಳ ಇದೆ.

೨೮ ಡಿಸೆಂಬರ್, ಸೋಮವಾರ

ಕೀಲೆಣ್ಣೆ ಹಾಕುವುದು ಶಾಸ್ತ್ರ. ಹಿರಿಯರು ಮಾಡಿದ್ದು. ಹಾಕದಿದ್ದರೆ ಹಾಕಲಿಲ್ಲ ಎನ್ನುತ್ತಿದ್ದರು.

ಮಣೆಯ ಮೇಲೆ ಕೂತು ದೇವಕಮ್ಮನನ್ನು ಕೇಳಿದೆ, "ನೀ ಕಂಡೀದಿ. ಗಂಡಗ ಯಾಕ ಹೇಳಲಿಲ್ಲ?"

"ನೀವ ಹೇಳ್ತೀರಿ ಅಂತ ಕುಂತೀನ್ರಿ" ಎಂದಳು. ದನಿ ಏರಿಸಲಿಲ್ಲ. ಹಿಟ್ಟು ನಾದುತ್ತಲೇ ಇದ್ದಳು.

ಏನೆಂದು ಬೈಯಬೇಕು ಇವಳಿಗೆ?

೨೯ ಡಿಸೆಂಬರ್, ಮಂಗಳವಾರ

ಹೇಳಿದೆ.

ಕೊಟ್ಟಿಗೆಯಲ್ಲಿ ಕಾರಿನ ಗಾಲಿಗೆ ಒರಗಿ ಕೂತಿದ್ದ. ನಾನು ಎದುರಿಗೆ ಹುಲ್ಲಿನ ಮೇಲೆ ಕೂತೆ. ಮೊಣಕಾಲು ನೋಯುತ್ತಿತ್ತು.

"ಮರಿಲಿಂಗ, ಆ ಕುಡಿಕ್ಯಾಗ ಎಣ್ಣಿ ಹಾಕಿದಾಕಿ ನಾನು. ಎಳ್ಳಮಾಸಿ ದಿನ. ಕೀಲೆಣ್ಣಿ ಶಾಸ್ತ್ರಕ್ಕ."

ನನ್ನ ಮುಖ ನೋಡಿದ. ಬೈಯಲಿ ಎಂದು ಕಾದೆ. ಬೈಯಲು ಅವನಿಗೆ ಬರುವುದಿಲ್ಲ, ಆ ಕಲಿಕೆ ಎಲ್ಲ ನಾನೊಬ್ಬಳೇ ಕಲಿತಿದ್ದೇನೆ.

"ಹಂಗಾರ ನಾ ಕಟ್ಟಿದ ಬಿರೇಕು ಸರಿ ಇತ್ತು?" ಎಂದ.

"ಸರಿ ಇತ್ತು."

"ಡಬ್ಬಿ ಅದಲಾಬದಲಿ ಆಗಿರಲಿಲ್ಲ?"

"ಇಲ್ಲೋ."

ಎದ್ದು ಹೋಗಿ ಹೌದಿನ ನೀರಿನಿಂದ ಮುಖ ತೊಳೆದ, ಬಹಳ ಹೊತ್ತು ತೊಳೆದ. ಒಳಗೆ ಹೋಗಿ ದೇವಕಮ್ಮನಿಗೆ, "ರೊಟ್ಟಿ ಅದಾವೇನು?" ಎಂದು ಕೇಳಿದ್ದು ನನಗೆ ಕೊಟ್ಟಿಗೆಯವರೆಗೆ ಕೇಳಿಸಿತು.

೩೧ ಡಿಸೆಂಬರ್, ಗುರುವಾರ

ಡೈರಿ ಇವತ್ತಿಗೆ ಮುಗಿಯಿತು. ಮೊದಲಿನ ಹಾಳೆಗಳು ಖಾಲಿ ಬಿದ್ದಿವೆ, ನಾಳೆಯಿಂದ ಅಲ್ಲಿ ಬರೆಯುತ್ತೇನೆ. ವರ್ಷ ಹಳೆಯದಾದರೂ ಹಾಳೆ ಹೊಸದು.

ಗುರಣ್ಣ ಕಾರನ್ನು ಒಯ್ಯುತ್ತೇನೆ ಎಂದು ಹೇಳಿ ಕಳಿಸಿದ್ದಾನೆ. ಪೈಪು ಎಲ್ಲ ತೊಳೆಯಬೇಕಂತೆ, ಇದ್ದಬಿದ್ದ ರಬ್ಬರೆಲ್ಲ ಹೊಸದು ಹಾಕಬೇಕಂತೆ. ಒಂದು ಹನಿ ಹಳೆಯ ಎಣ್ಣೆ ಉಳಿದರೂ ಮತ್ತೆ ಅದೇ ಹಾಡು.

ಮರಿಲಿಂಗನನ್ನು ಕೇಳಿದೆ, "ಏನ್ ಮಾಡೂನಪಾ? ಗುರಣ್ಣಗ ಒಯ್ಯಿ ಅನ್ನೂನೋ, ನೀನ ಮಾಡ್ತೀಯೋ? ನಿನಗ ಹೆಂಗ ಅನಸ್ತದ ಹಂಗ."

ಅವನು ತಿರುಗಿ ನೋಡಿದ. "ನನ್ನ ಕೇಳಾಕತ್ತೀಯೇನು?" ಎಂದ.

"ಮತ್ತ ಎಮ್ಮಿನ ಕೇಳಲೇನು?"

ಸಂಜೆಯವರೆಗೆ ನಾನು ಎರಡನೆಯ ಸಲ ಕೇಳಲಿಲ್ಲ. ದೀಪ ಹಚ್ಚುವಾಗ ಬಂದು, "ನಾನ ಮಾಡ್ತೀನಿ. ಆದ್ರ ಗುರಣ್ಣ ಬಾಜೂಕ ಕೂಡಬೇಕು, ಮುಗಿಸಿದ ಮ್ಯಾಲ ಅಂವಾ ನೋಡಿ ಹೂಂ ಅನಬೇಕು. ಅಲ್ಲೀತನಕ ಒಬ್ರನ್ನೂ ಕೂಡಸಂಗಿಲ್ಲ" ಎಂದ.

ನಾನು ಆಗಲಿ ಎಂದೆ. ಗ್ಯಾರೇಜಿನವನನ್ನು ಮನೆಗೆ ಕರೆಸುವುದು ಗ್ಯಾರೇಜಿಗೆ ಹೋದ ಹಾಗಲ್ಲ. ನನ್ನ ಮಾತು ನಡೆದ ಹಾಗೆಯೇ ಆಯಿತು.

೩ ಜನವರಿ ೧೯೯೯, ರವಿವಾರ

ಮೈಯೆಲ್ಲ ನೋವು, ಆದರೂ ಬರೆಯುತ್ತೇನೆ.

ಮೂರು ದಿನ ಮರಿಲಿಂಗ ಕಾರಿನ ಕೆಳಗೇ ಇದ್ದ. ಪೈಪು ಒಂದೊಂದೇ ಬಿಚ್ಚಿ ಸ್ಪಿರಿಟಿನಿಂದ ತೊಳೆದು, ಬಿಳಿಯ ಅರಿವೆಯ ಮೇಲೆ ಊದಿ, ಅರಿವೆಗೆ ಜಿಡ್ಡು ಹತ್ತಿದರೆ ಮತ್ತೆ ತೊಳೆದ. ಅರಿವೆ ನನ್ನ ಹಳೆಯ ಧಡಿ ಸೀರೆಯದು, ನಾನೇ ಹರಿದು ಕೊಟ್ಟೆ. ಗುರಣ್ಣ ಹುಲ್ಲಿನ ಮೇಲೆ ಕೂತು ಬೀಡಿ ಸೇದುತ್ತ, "ಆತು ಬಿಡಣ್ಣ, ಸಾಕು" ಎಂದ. ಇವನು ಇನ್ನೊಂದು ಸಲ ತೊಳೆದ. ಬೋಲ್ಟು ತಟ್ಟೆಯಲ್ಲಿ ಸಾಲಾಗಿ ಇಟ್ಟಿದ್ದ, ಬಿಚ್ಚಿದ ಕ್ರಮದಲ್ಲಿ. ಹಾಗಾಗಿ ಹುಡುಕುವ ಕೆಲಸವೇ ಬೀಳಲಿಲ್ಲ. ನಿಧಾನ ಎಂದರೆ ಹೀಗೆ.

ಕೊನೆಗೆ ಹೊಸ ಎಣ್ಣೆ ಹಾಕಿ ಒಳಗಿನ ಗಾಳಿ ತೆಗೆಯಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಬ್ರೇಕು ತುಳಿಯಬೇಕು, ಇನ್ನೊಬ್ಬರು ಕೆಳಗೆ ಗಾಲಿಯ ಹತ್ತಿರ ಬೋಲ್ಟು ಸಡಿಲಿಸಿ ಗಾಳಿ ಬಿಡಬೇಕು. ದೇವಕಮ್ಮ ಎಮ್ಮೆ ಹಿಂಡುತ್ತಿದ್ದಳು. ಗುರಣ್ಣ ಏಳಲು ಹೋದ. ನಾನು, "ಕೂಡೋ" ಎಂದು ಹೇಳಿ ಸೀರೆ ಎತ್ತಿ ಕಟ್ಟಿ ಸ್ಟೇರಿಂಗಿನ ಹಿಂದೆ ಹತ್ತಿ ಕೂತೆ.

"ಯವ್ವಾ, ನಾ ಒತ್ತು ಅಂದಾಗ ಒತ್ತು, ಹಿಡಿ ಅಂದಾಗ ಹಿಡಿ. ನಾ ಹೇಳೂತನಕ ಬಿಡಬ್ಯಾಡ."

"ತಿಳೀತು."

"ಒತ್ತು... ಹಿಡಿ... ಈಗ ಬಿಡು. ಒತ್ತು. ಲಗೂ ಬಿಟ್ಟಿ! ಮತ್ತ ಗಾಳಿ ಹೊಕ್ತು ನೋಡು."

"ಕಾಲು ಜೋಮು ಹಿಡದದೋ."

"ಹಿಡೀಲಿ. ಒತ್ತು."

ಗುರಣ್ಣ ನಕ್ಕು ನಕ್ಕು ಕೆಮ್ಮಿದ. "ಯವ್ವಾ, ಇಷ್ಟ ವರ್ಷದಾಗ ನಿಮಗ ಹುಕುಂ ಮಾಡಿದವ್ರು ಇಂವಾ ಒಬ್ಬನ ನೋಡ್ರಿ!"

ನಾಲ್ಕು ಗಾಲಿ ಮುಗಿಯುವವರೆಗೆ ಅವನು ಒತ್ತು ಎಂದಾಗ ಒತ್ತಿದೆ, ಬಿಡು ಎಂದಾಗ ಬಿಟ್ಟೆ. ಮೊದಮೊದಲು ತಂಗಳು ಅಂಬಲಿ ತುಳಿದ ಹಾಗೆ ಇತ್ತು, ಆಮೇಲೆ ಕಾಲಿನ ಕೆಳಗೆ ಕಲ್ಲು ಸಿಕ್ಕಿತು.

೫ ಜನವರಿ, ಮಂಗಳವಾರ

ಕಾಲುವೆಯ ದಂಡೆಯ ಮೇಲೆ ಮರಿಲಿಂಗ ಒಬ್ಬನೇ ಓಡಿಸಿದ. ಆಮೇಲೆ ಗುರಣ್ಣ ಓಡಿಸಿ, ಬ್ರೇಕು ಒತ್ತಿ, ಇಳಿದು ಗಾಲಿಗೆ ಕೈ ಹಚ್ಚಿ ನೋಡಿ, "ಇದನ್ನ ಬಿಚ್ಚಾಕ ನಾ ಹೂಂ ಅನ್ನಂಗಿಲ್ಲ. ಹಿಂಗ ಇರಲಿ" ಎಂದ.

ಮರಿಲಿಂಗ ಕುಡಿಕೆಯ ಮುಚ್ಚಳದ ಮೇಲೆ ಕೆಂಪು ಬಣ್ಣ ಬಳಿದಿದ್ದಾನೆ. ಯಾರಿಗಾಗಿ ಎಂದು ನನಗೆ ಗೊತ್ತು.

೭ ಜನವರಿ, ಗುರುವಾರ

ಕೆಂಭಾವಿಗೆ ಹೋಗಿ ಬಂದೆವು, ಮರಿಲಿಂಗ ಮತ್ತು ನಾನು, ಅದೇ ಕಾರಿನಲ್ಲಿ. ಸೇತುವೆಯ ಇಳಿಜಾರಿನಲ್ಲಿ ಅವನ ಕುತ್ತಿಗೆಯ ನರ ಉಬ್ಬಿತ್ತು. ನಾನು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತೆ. ಕಾರು ನಿಲ್ಲಬೇಕಾದಲ್ಲಿ ನಿಂತಿತು.

ಬೀಗರ ಮನೆಯ ಮುಂದೆ ಅವನು ಕಾರು ಬಿಟ್ಟು ಬರಲಿಲ್ಲ. "ನೀ ಹೋಗಿ ಬಾ, ನಾ ಇಲ್ಲೇ ಇರ್ತೀನಿ" ಎಂದ. ಓಣಿಯಲ್ಲಿ ಆ ಮಾತು ಅನ್ನಿಸಿಕೊಂಡವನು, ಒಳಗೆ ಹೇಗೆ ಬಂದಾನು?

ಅಂಬ್ರಪ್ಪನ ತಾಯಿ ಸಾಯಬಮ್ಮ ಬಾಗಿಲಿಗೇ ಬಂದಳು. "ಏನ್ರಿ ಬೀಗತೆರ, ಬಸ್ಸು ಸಿಗಲಿಲ್ಲೇನು? ಅದ ಗಾಡ್ಯಾಗ ಬಂದೀರಿ, ಜೀವ ಬ್ಯಾಸರಾಗ್ಯದೇನು?"

"ನನ್ನ ಜೀವ ನಾನ ಬೇಡಿದ್ರೂ ಹೋಗಂಗಿಲ್ಲ, ಅಷ್ಟು ಗಟ್ಟಿ. ಮೊದಲ ನೀರು ಕೊಡ್ರಿ, ಆಮ್ಯಾಲ ಬೈರಿ."

ಅಂಬ್ರಪ್ಪ ಹೊರಸಿನ ಮೇಲೆ ಕೂತಿದ್ದ. ಮಾನಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು, ಹಣೆಯ ಬುಗುಟೆ ಇಳಿದಿದೆ. ನಾನು ಕೂಡಲಿಲ್ಲ. ಕೂತರೆ ಆ ಮಾತು ಹೊರಗೆ ಬರುತ್ತಿರಲಿಲ್ಲ.

"ಅಂಬ್ರಪ್ಪ, ಬಿರೇಕು ಕೆಡಿಸಿದವ ನಿಮ್ಮ ಮಾವ ಅಲ್ಲ. ನಾನು. ಬಂಡಿ ಅಚ್ಚಿಗೆ ಎಣ್ಣಿ ಹಾಕಿದಂಗ ಕಂಡ ಕುಡಿಕ್ಯಾಗ ಎಣ್ಣಿ ಸುರುವಿದೆ. ದೇವಕಮ್ಮ ಬ್ಯಾಡಂದ್ಲು, ಆಕಿ ಬಾಯಿ ಮುಚ್ಚಿಸಿದೆ."

ಸಾಯಬಮ್ಮ ನೀರಿನ ತಂಬಿಗೆ ಹಿಡಿದು ಹಾಗೆಯೇ ನಿಂತಳು.

"ಮಾವ ತಪ್ಪಾತು ಅಂದ್ರಲ್ಲ ಆಯಿ?" ಎಂದು ಅಂಬ್ರಪ್ಪ ಕೇಳಿದ.

"ಅಂದ. ತನ್ನದಲ್ಲದ ತಪ್ಪು ತನ್ನದು ಅಂದ. ಅಂವಾ ಹಂಗ."

"ನಾ ಊರ ತುಂಬ ಅವರ ಹೆಸರು ಹೇಳೀನಿ" ಎಂದ ಅಂಬ್ರಪ್ಪ, ನೆಲ ನೋಡುತ್ತ.

"ಹೇಳೀದಿ. ಈಗ ಅದೇ ಓಣಿಯಾಗ ಇನ್ನೊಂದು ಸುತ್ತು ಹಾಕು. ದೋರನಹಳ್ಳಿ ಮುದುಕಿ ಮಾಡಿದ್ಲು ಅನ್ನು. ನನ್ನ ಹೆಸರು ಹೊತ್ತು ತಿರುಗಾಕ ಭಾರ ಆಗಂಗಿಲ್ಲ."

ತಲೆ ಎತ್ತಿ ಕೇಳಿದ, "ಈಗ ಬಿರೇಕು ಯಾರು ಮಾಡ್ಯಾರ? ಗ್ಯಾರೇಜಿನಾಗೇನು?"

"ನಿಮ್ಮ ಮಾವ. ಗುರಣ್ಣ ಬಾಜೂಕ ಕುಂತಿದ್ದ, ನೋಡಿ 'ಹೂಂ' ಅಂದಾನ."

"ಗ್ಯಾರೇಜಿಗೇ ಕೊಡಬೇಕಿತ್ತಲ್ಲ?"

"ಕೊಡಬಹುದಿತ್ತು. ಗುರಣ್ಣ ಸಾಕು ಅಂದ ಮ್ಯಾಲೂ ನಿಮ್ಮ ಮಾವ ಮತ್ತ ತೊಳದ. ಗುರಣ್ಣಗ ಅದು ಕಾರು. ಇಂವಗ ಅದರಾಗ ಮಗಳು ಕೂಡ್ತಾಳ."

ಅಂಬ್ರಪ್ಪ ಬಾಗಿಲಿನಾಚೆ ನೋಡಿದ. ಮರಿಲಿಂಗ ಕಾರಿಗೆ ಒರಗಿ, ಇತ್ತ ಬೆನ್ನು ಮಾಡಿ ನಿಂತಿದ್ದ. ಅಂಬ್ರಪ್ಪನಿಗೂ ಹೆದರಿಕೆ ಇದೆ, ಅದನ್ನು ನಾನು ತಪ್ಪೆನ್ನುವುದಿಲ್ಲ. ಸೇತುವೆಯ ಮೇಲೆ ನನಗೂ ಇತ್ತು.

ತಂಬಿಗೆ ಇಸಿದುಕೊಂಡು ನೀರು ಕುಡಿದೆ, ಹೊರಡುವ ಮೊದಲು ಹೇಳಿದೆ:

"ಇವತ್ತ ಕರಕೊಂಡು ಹೋಗಾಕ ನಾ ಬಂದಿಲ್ಲ. ನಿನ್ನ ಹೆಣ್ತಿ, ನಿನ್ನ ಕೂಸು, ವಿಚಾರ ಮಾಡು. ಆಕಿನ್ನೂ ಕೇಳು, ಆಕಿಗೂ ಬಾಯಿ ಅದ. ಬ್ಯಾಡ ಅಂದ್ರ ಬ್ಯಾಡ, ನಾನ ಇಲ್ಲಿಗೆ ಬಂದು ಬಾಣಂತನ ಮಾಡ್ತೀನಿ, ನಿಮ್ಮವ್ವ ನನ್ನ ಬಾಯಿ ತಡಕೊಂಡ್ರ. ಆದ್ರ ಮುಂದಿನ ತಿಂಗಳು ಆಕಿಗೆ ಎಂಟು ಹಿಡೀತದ, ಎಂಟರಾಗ ಬಸುರಿ ಹಾದಿ ತುಳಿಯಬಾರದು. ಜವಾಬು ನನಗ ಬ್ಯಾಡ. ಹೊರಗ ನಿಂತಾನಲ್ಲ, ಅವನ ಹೆಸರು ಹಿಡದು ಹೇಳಿ ಕಳಸು. ಮುಂದಿನ ತಿಂಗಳು ಹತ್ತೂದ್ರೊಳಗ ಜವಾಬು ಕಳಸು."